ಒಂದಕ್ಕೆ ಇಪ್ಪತ್ತೆಂಟು

ಕಳೆದ ತಿಂಗಳು ಮದುವೆಯೊಂದರ ಊಟದ ಪಂಕ್ತಿಯಲ್ಲಿ ಕೂತಿದ್ದೆ. ನೈರೋಬಿ ನೋಡಿಕೊಂಡು ಬಂದ ಹಿರಿಯರೊಬ್ಬರು ಎದುರು ಸಾಲಿನಲ್ಲಿ ಪ್ರವಾಸದ ಕಥೆ ಹೇಳುತ್ತಿದ್ದರು. "ಕೀನ್ಯಾದ ಒಂದು ಶಿಲ್ಲಿಂಗಿಗೆ ಉಗಾಂಡದವರು ಇಪ್ಪತ್ತೆಂಟು ಶಿಲ್ಲಿಂಗು ಎಣಿಸಿ ಕೊಡಬೇಕು, ಗೊತ್ತೇ? ದುಡ್ಡಿನ ಯೋಗ್ಯತೆಯೇ ಜನರ ಯೋಗ್ಯತೆ. ಇವರು ದುಡಿಯುವವರು, ಅವರು ಸೋಮಾರಿಗಳು" ಎಂದರು. ನಾನು ಏನೋ ಹೇಳಲು ಬಾಯಿ ತೆರೆದೆ. "ಅದೆಲ್ಲ ಬ್ಯಾಂಕಿನವರ ವ್ಯವಹಾರ ಅಮ್ಮ, ನಿಮಗ್ಯಾಕೆ ತಲೆನೋವು? ಹೋಳಿಗೆ ಹಾಕಿಸಿಕೊಳ್ಳಿ" ಎಂದು ನಕ್ಕರು. ಸುತ್ತಲಿನವರೂ ನಕ್ಕರು. ಹೋಳಿಗೆ ಹಾಕಿಸಿಕೊಂಡೆ, ಗಂಟಲಲ್ಲಿ ಇಳಿಯಲಿಲ್ಲ. ಅಲ್ಲಿ ನುಂಗಿಕೊಂಡ ಮಾತನ್ನು ಇಲ್ಲಿ ಹೇಳುತ್ತೇನೆ.

ನಾನು ಉಗಾಂಡದಲ್ಲಿ ನಾಲ್ಕು ವರ್ಷ ಒಲೆ ಹೊತ್ತಿಸಿದವಳು. 1986ರ ಕೊನೆಯಲ್ಲಿ ನಮ್ಮ ಯಜಮಾನರಿಗೆ ಟೊರೊರೊ ಎಂಬ ಊರಿನ ಶಾಲೆಯಲ್ಲಿ ಗಣಿತ ಹೇಳುವ ಕೆಲಸ ಸಿಕ್ಕಿತ್ತು. ಕೀನ್ಯಾದ ಗಡಿ ಅಲ್ಲಿಂದ ಹೆಚ್ಚು ದೂರವಿರಲಿಲ್ಲ. ಸಂತೆಯಲ್ಲಿ ಎರಡೂ ದೇಶದ ನೋಟುಗಳು ಓಡಾಡುತ್ತಿದ್ದವು. ಆದ್ದರಿಂದ ದರದ ವಿಚಾರ ನನಗೆ ಬ್ಯಾಂಕಿನಲ್ಲಲ್ಲ, ಉಪ್ಪು, ಸಕ್ಕರೆ, ಸೋಪು ಕೊಳ್ಳುವಾಗ ಅರ್ಥವಾದದ್ದು.

ಈ ಎರಡು ಶಿಲ್ಲಿಂಗುಗಳು ಒಂದೇ ತಾಯಿಯ ಮಕ್ಕಳು. ಅದಕ್ಕೂ ಮೊದಲು ಅಲ್ಲಿ ನಡೆಯುತ್ತಿದ್ದುದು ನಮ್ಮದೇ ರೂಪಾಯಿ. 1920ರಲ್ಲಿ ಬ್ರಿಟಿಷರು ಅದನ್ನು ತೆಗೆದು ಫ್ಲಾರಿನ್ ತಂದರು; ಅದು ಹೆಚ್ಚು ದಿನ ಬಾಳಲಿಲ್ಲ, ಅದರ ಜಾಗಕ್ಕೆ ಶಿಲ್ಲಿಂಗು ಬಂತು. ಕೀನ್ಯಾ, ಉಗಾಂಡ, ಟ್ಯಾಂಗನಿಕ ಮೂರಕ್ಕೂ ಅದೊಂದೇ ಹಣ. ಸ್ವಾತಂತ್ರ್ಯ ಬಂದ ಮೇಲೆ, 1966ರಲ್ಲಿ, ಮೂರು ದೇಶಗಳೂ ತಂತಮ್ಮ ಕೇಂದ್ರ ಬ್ಯಾಂಕು ತೆರೆದು ಬೇರೆ ಬೇರೆ ನೋಟು ಹೊರಡಿಸಿದವು. ಆಗ ದರ ಒಂದಕ್ಕೆ ಒಂದು. ಡಾಲರಿಗೆ ಏಳು ಚಿಲ್ಲರೆ ಶಿಲ್ಲಿಂಗು, ಎಲ್ಲರಿಗೂ ಅಷ್ಟೇ.

ಹಾಗಾದರೆ ಉಗಾಂಡದವರು ಸೋಮಾರಿಗಳಾದದ್ದು ಯಾವಾಗ? 1971ರಲ್ಲಿ ಇದಿ ಅಮೀನ್ ಬಂದೂಕು ಹಿಡಿದು ಗದ್ದುಗೆ ಏರಿದ. ಮರುವರ್ಷ ಭಾರತ ಮೂಲದವರನ್ನು ತೊಂಬತ್ತು ದಿನಗಳಲ್ಲಿ ಊರು ಬಿಡಿಸಿದ. ಅಂಗಡಿಗಳು, ಕಾರ್ಖಾನೆಗಳು ಅವನ ಕಡೆಯವರ ಪಾಲಾಗಿ ಹಾಳುಬಿದ್ದವು. ಖಜಾನೆ ಬರಿದಾದಾಗ ನೋಟು ಅಚ್ಚು ಹಾಕಿದ. ತಮಾಷೆ ಏನು ಗೊತ್ತೇ? ಇಷ್ಟೆಲ್ಲ ಆದರೂ ಸರ್ಕಾರಿ ಕಡತದಲ್ಲಿ ದರ ಹೆಚ್ಚುಕಡಿಮೆ ಒಂದಕ್ಕೆ ಒಂದೇ! ಅವನು ಓಡಿಹೋದದ್ದು 1979ರಲ್ಲಿ. ಕಡತದ ಸುಳ್ಳು 1981ರವರೆಗೂ ಬದುಕಿತ್ತು. ಸಂತೆಯಲ್ಲಿ ಮಾತ್ರ ಉಗಾಂಡದ ನೋಟನ್ನು ಕೇಳುವವರಿರಲಿಲ್ಲ. ರೈತರು ಕಾಫಿಯನ್ನು ಕದ್ದುಮುಚ್ಚಿ ಕೀನ್ಯಾಕ್ಕೆ ಸಾಗಿಸುತ್ತಿದ್ದರು. ಈ ಕಾಳದಂಧೆಗೆ ಅಲ್ಲಿ 'ಮಗೆಂಡೊ' ಎಂದು ಹೆಸರು. ಅಧಿಕಾರಿಗಳ ಒಡನಾಟ ಇದ್ದವರು ಕಡತದ ದರಕ್ಕೆ ಪರದೇಶದ ಹಣ ಪಡೆದು ಬೀದಿಯ ದರಕ್ಕೆ ಮಾರಿ ಬಂಗಲೆ ಕಟ್ಟಿದರು. ಹಿರಿಯರು ಹೇಳುವ 'ಮರ್ಯಾದೆಯ ದರ' ಹೀಗಿತ್ತು ನೋಡಿ!

ನಾವು ಹೋದ ಮೇಲೆ ಆದದ್ದನ್ನು ಕಣ್ಣಾರೆ ಕಂಡಿದ್ದೇನೆ. 1987ರ ಮೇ ತಿಂಗಳಲ್ಲಿ ಹೊಸ ಸರ್ಕಾರ ನೋಟು ಬದಲಾಯಿಸಿತು. ನೂರು ಹಳೆಯ ಶಿಲ್ಲಿಂಗಿಗೆ ಒಂದು ಹೊಸತು. ಅದರಲ್ಲೂ ನೂರಕ್ಕೆ ಮೂವತ್ತು ಸರ್ಕಾರಕ್ಕೆ ಮುರಿತ. ನಮಗೆ ಶೇಂಗಾ ಕೊಡುತ್ತಿದ್ದ ಹೆಂಗಸೊಬ್ಬಳಿದ್ದಳು. ಅಲ್ಲಿ ತಾಯಿಗೆ 'ಮಾಮಾ' ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತಿದ್ದೆ. ಮಗಳ ಶಾಲೆಯ ಫೀಸಿಗೆಂದು ಮಡಕೆಯಲ್ಲಿ ಕೂಡಿಟ್ಟ ಒಂದು ಲಕ್ಷ ಹಳೆಯ ಶಿಲ್ಲಿಂಗು ಕೊಟ್ಟು ಏಳುನೂರು ಹೊಸತು ತಂದಿದ್ದಳು. ಅದನ್ನು ನನ್ನ ಮುಂದೆ ಹರವಿ, "ಮೇಷ್ಟ್ರನ್ನು ಕೇಳು, ಉಳಿದದ್ದು ಎಲ್ಲಿ ಹೋಯಿತು?" ಎಂದಳು. ಸೊನ್ನೆಗಳು ಹೋದ ಲೆಕ್ಕವನ್ನು ಯಜಮಾನರು ತಿಳಿಸಿ ಹೇಳಿದರು. ಬೆಲೆಗಳಿಗೂ ಎರಡು ಸೊನ್ನೆ ಹೋಗುತ್ತದಲ್ಲ! ಮುನ್ನೂರರ ಲೆಕ್ಕ ಹೇಳಲು ಅವರ ಗಣಿತಕ್ಕೂ ಬಾಯಿ ಬರಲಿಲ್ಲ. ಹಣದುಬ್ಬರ ಇಳಿಸಲು ಹೀಗೆ ಮಾಡಿದೆವು ಎಂದಿತು ಸರ್ಕಾರ. ಆದರೆ ಮೊದಲೇ ಕೀನ್ಯಾ ಶಿಲ್ಲಿಂಗು ಮಾಡಿಟ್ಟುಕೊಂಡಿದ್ದ ವ್ಯಾಪಾರಿಗಳ ಕೂದಲೂ ಕೊಂಕಲಿಲ್ಲ. ಮುರಿತ ಬಿದ್ದದ್ದು ಮಡಕೆಗೆ.

ಅದೇ ದಿನ ಡಾಲರಿನ ಸರ್ಕಾರಿ ದರ 1400 ಹಳೆಯ ಶಿಲ್ಲಿಂಗಿನಿಂದ 60 ಹೊಸ ಶಿಲ್ಲಿಂಗಿಗೆ, ಎಂದರೆ 6000 ಹಳೆಯದಕ್ಕೆ ಹೋಯಿತು. 1990ರ ಹೊತ್ತಿಗೆ ಒಂದು ಕೀನ್ಯಾ ಶಿಲ್ಲಿಂಗಿಗೆ ಸುಮಾರು 19 ಹೊಸ ಉಗಾಂಡ ಶಿಲ್ಲಿಂಗು. ಆದ್ದರಿಂದ ಹಿರಿಯರ ಲೆಕ್ಕವೂ ತಪ್ಪು. 1966ರ ಶಿಲ್ಲಿಂಗಿನಲ್ಲಿ ಎಣಿಸಿದರೆ 2024ರ ಕೊನೆಯ ದರ ಒಂದಕ್ಕೆ ಇಪ್ಪತ್ತೆಂಟಲ್ಲ, 2800!

ಇನ್ನು ಕೀನ್ಯಾದ 'ಗಟ್ಟಿ' ಹಣದ ಕಥೆ. ರಫ್ತೇ ಆಗದ ಚಿನ್ನಕ್ಕೆ ಖಜಾನೆಯಿಂದ ಹಣ ಕೊಟ್ಟ ಗೋಲ್ಡನ್‌ಬರ್ಗ್ ಹಗರಣ, 1992ರ ಚುನಾವಣೆಗೆಂದು ಹರಿಸಿದ ನೋಟು, ಇವೆಲ್ಲ ಸೇರಿ 1993ರ ಒಂದೇ ವರ್ಷದಲ್ಲಿ ಅದು ಡಾಲರಿನೆದುರು ಸುಮಾರು ಅರ್ಧ ಬೆಲೆ ಕಳೆದುಕೊಂಡಿತು. 1966ರಲ್ಲಿ ಡಾಲರಿಗೆ ಏಳಿದ್ದದ್ದು 2024ರ ಕೊನೆಗೆ ಸುಮಾರು 129. ಅದೇ 2024ರ ಆರಂಭದಲ್ಲಿ ಒಂದು ಕೀನ್ಯಾ ಶಿಲ್ಲಿಂಗಿಗೆ ಸುಮಾರು 24 ಉಗಾಂಡ ಶಿಲ್ಲಿಂಗಿತ್ತು. ವರ್ಷದ ಕೊನೆಗೆ 28 ಆಯಿತು. ಹಾಗಾದರೆ ಕೀನ್ಯಾದವರು ಜನವರಿಯಲ್ಲಿ ಸೋಮಾರಿಗಳಾಗಿದ್ದು ಡಿಸೆಂಬರಿಗೆ ಕಷ್ಟಜೀವಿಗಳಾದರೇ? ನಮ್ಮ ಒಂದು ರೂಪಾಯಿಗೆ ಒಂದಕ್ಕಿಂತ ಹೆಚ್ಚು ಜಪಾನಿನ ಯೆನ್ ಸಿಗುತ್ತದೆ. ಜಪಾನಿನವರು ಕೈಲಾಗದವರು ಎನ್ನುವ ಧೈರ್ಯ ಯಾರಿಗಿದೆ?

ಅಂಕಿ ದೊಡ್ಡದೋ ಚಿಕ್ಕದೋ ಎಂಬುದರಿಂದ ಯಾರ ಮನೆಯೂ ಕೆಡುವುದಿಲ್ಲ. ಇಪ್ಪತ್ತೆಂಟು ಇಪ್ಪತ್ತೆಂಟಾಗಿಯೇ ನಿಂತರೆ ಮಾಮಾ ಅದರಲ್ಲೇ ಸಂಸಾರ ತೂಗಿಸುತ್ತಾಳೆ. ಕೆಡಿಸುವುದು ರಾತ್ರೋರಾತ್ರಿ ಆಗುವ ಕುಸಿತ, ಅದಕ್ಕೂ ಮೊದಲು ಕಡತದಲ್ಲಿ ಕೂತ ಸುಳ್ಳು. ಎರಡನ್ನೂ ಮಾಡಿದವರು ಆಳುವವರು. ಕಟ್ಟಿದವರು ಮಡಕೆಯಲ್ಲಿ ನೋಟು ಇಟ್ಟವರು. ಆಮೇಲೆ ಅವರನ್ನೇ ಸೋಮಾರಿಗಳು ಎನ್ನುವುದು ಕಳ್ಳತನವಾದ ಮನೆಯವರಿಗೇ ಬುದ್ಧಿ ಹೇಳಿದ ಹಾಗೆ.

ಸಾಸಿವೆ ಡಬ್ಬಿಯಲ್ಲಿ ನೋಟು ಮಡಚಿಡುವ ಅಕ್ಕತಂಗಿಯರೇ, 2016ರ ನವೆಂಬರಿನ ರಾತ್ರಿ ನಿಮಗೆ ನೆನಪಿದೆ ತಾನೆ? ಗಂಡನಿಗೂ ಹೇಳದ ಐನೂರರ ನೋಟುಗಳನ್ನು ಕೈಯಲ್ಲಿ ಹಿಡಿದು ಸಾಲಿನಲ್ಲಿ ನಿಂತವರು ನಾವೇ. ಇದು ಬ್ಯಾಂಕಿನವರ ವ್ಯವಹಾರ, ನಿಮಗ್ಯಾಕೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪತ್ರಿಕೆಯಲ್ಲಿ ಚಿನ್ನದ ದರ ನೋಡುವಾಗ ಪಕ್ಕದ ದರವನ್ನೂ ನೋಡಿ. ಇಂದಿನ ಅಂಕಿ ಮುಖ್ಯವಲ್ಲ. ಹೋದ ತಿಂಗಳು ಎಷ್ಟಿತ್ತು, ಯಾಕೆ ಬದಲಾಯಿತು ಎಂದು ಕೇಳಿ.

ಆ ಹಿರಿಯರು ಇನ್ನೊಂದು ಮದುವೆಯಲ್ಲಿ ಸಿಗದೇ ಇರುವುದಿಲ್ಲ. ಈ ಸಲ ಮಾಮಾಳ ಮುನ್ನೂರು ಶಿಲ್ಲಿಂಗಿನ ಲೆಕ್ಕ ಕೇಳಿಯೇ ಹೋಳಿಗೆ ಹಾಕಿಸಿಕೊಳ್ಳುತ್ತೇನೆ.