ಆಟದ ಕಾರು, ನೆಲದ ಘರ್ಷಣೆ

ಪರದೆಯ ಮೇಲೆ ಕಾರು ಓಡಿಸುವ ವಿಡಿಯೊ ಆಟಗಳನ್ನು ಕುರಿತು ನಮ್ಮಲ್ಲಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಅವು ಶುದ್ಧ ಕಾಲಹರಣವೆಂದು ಹಿರಿಯರು ಹೇಳುತ್ತಾರೆ. ಅವುಗಳಲ್ಲಿ ಪಳಗಿದವನಿಗೆ ನಿಜವಾದ ಕಾರನ್ನು ಓಡಿಸುವುದು ನೀರು ಕುಡಿದಷ್ಟು ಸುಲಭವೆಂದು ಹಲವು ವಿದ್ಯಾರ್ಥಿಗಳು ನಂಬಿದ್ದಾರೆ. ಮೊದಲನೆಯದು ಅವಸರದ ತೀರ್ಪು; ಎರಡನೆಯದು ಪ್ರಾಣಕ್ಕೇ ಸಂಚಕಾರ ತರಬಲ್ಲ ನಂಬಿಕೆ. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಈ ಆಟಗಳಲ್ಲಿ, ಅದರಲ್ಲಿಯೂ ಹಳೆಯ ಕಾಲದ ಸ್ಪೋರ್ಟ್ಸ್ ಕಾರುಗಳನ್ನು ಓಡಿಸುವ ಆಟಗಳಲ್ಲಿ, ಒಂದು ಒಳ್ಳೆಯ ಪ್ರಯೋಗಶಾಲೆ ಕಾಣುತ್ತದೆ. ಆದರೆ ಪ್ರತಿಯೊಂದು ಪ್ರಯೋಗಶಾಲೆಗೂ ಗೋಡೆಗಳುಂಟು. ಗೋಡೆ ಎಲ್ಲಿದೆಯೆಂದು ಬಲ್ಲವನಿಗೆ ಮಾತ್ರ ಈ ಆಟದಿಂದ ಲಾಭವೆಂಬುದು ನಮ್ಮ ಅಭಿಪ್ರಾಯ.

ಹಳೆಯ ಕಾರೇ ಏಕೆ ಆಗಬೇಕು ಎಂದು ವಾಚಕರು ಕೇಳಬಹುದು. ಇಂದಿನ ಕಾರಿನಲ್ಲಿ ಚಾಲಕನ ಪಾದಕ್ಕೂ ನೆಲಕ್ಕೂ ನಡುವೆ ಒಂದು ಗಣಕಯಂತ್ರ ಕುಳಿತಿದೆ. ಬ್ರೇಕು ಒತ್ತಿದಾಗ ಚಕ್ರಗಳು ಸಿಕ್ಕಿಹಾಕಿಕೊಂಡು ಜಾರದಂತೆ ಕಾಯುವ ಎ.ಬಿ.ಎಸ್. ವ್ಯವಸ್ಥೆಯನ್ನು ಬಾಷ್ ಮತ್ತು ಮರ್ಸಿಡಿಸ್-ಬೆಂಜ್ ಸಂಸ್ಥೆಗಳು 1978ರಲ್ಲಿ ಮಾರುಕಟ್ಟೆಗೆ ತಂದವು. ತಿರುವಿನಲ್ಲಿ ಕಾರು ಗಿರಕಿ ಹೊಡೆಯುವ ಸೂಚನೆ ಕಂಡೊಡನೆ ಒಂದೊಂದು ಚಕ್ರವನ್ನೂ ಬೇರೆ ಬೇರೆಯಾಗಿ ತಡೆದು ಕಾರನ್ನು ಸರಿದಾರಿಗೆ ತರುವ ಸ್ಥಿರತಾ ನಿಯಂತ್ರಣ 1995ರಲ್ಲಿ ಬಂದಿತು. ನಮ್ಮ ದೇಶದಲ್ಲಿಯೂ 2019ರಿಂದ ಹೊಸ ಕಾರುಗಳೆಲ್ಲಕ್ಕೂ ಎ.ಬಿ.ಎಸ್. ಕಡ್ಡಾಯವಾಗಿದೆ. ಇವು ಎಷ್ಟೋ ಜೀವಗಳನ್ನು ಉಳಿಸುವ ಸಾಧನಗಳು. ಅವುಗಳ ವಿರುದ್ಧ ನಮ್ಮ ತಕರಾರಿಲ್ಲ. ಆದರೆ ಅವು ಚಾಲಕನ ತಪ್ಪನ್ನು ಸದ್ದಿಲ್ಲದೆ ತಿದ್ದಿಬಿಡುವುದರಿಂದ, ನಿಸರ್ಗದ ನಿಯಮ ತನ್ನ ಮುಖವನ್ನು ಸುಲಭವಾಗಿ ತೋರಿಸುವುದಿಲ್ಲ.

1954ರ ಮರ್ಸಿಡಿಸ್ 300 ಎಸ್‌ಎಲ್, 1961ರ ಜಾಗ್ವಾರ್ ಇ-ಟೈಪ್, 1963ರಲ್ಲಿ ಪ್ರದರ್ಶನಕ್ಕೆ ಬಂದ ಪೋರ್ಷೆ 911, ಇವುಗಳಲ್ಲಿ ಇಂತಹ ಮಧ್ಯಸ್ಥಗಾರನಿರಲಿಲ್ಲ. ಕೈ ತಿರುಗಿಸಿದಷ್ಟು ಚಕ್ರ ತಿರುಗುತ್ತಿತ್ತು. ಕಾಲು ಒತ್ತಿದಷ್ಟು ಬ್ರೇಕು ಹಿಡಿಯುತ್ತಿತ್ತು. ತಪ್ಪಿದರೆ ಫಲ ಕೂಡಲೇ ಕಾಣುತ್ತಿತ್ತು. ಈ ಕಾರುಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿಯೂ ಶ್ರೀಮಂತರ ಕೊಟ್ಟಿಗೆಗಳಲ್ಲಿಯೂ ಇವೆ. ವಿದ್ಯಾರ್ಥಿಯ ಕೈಗೆ ಎಟಕುವ ಮಾತಲ್ಲ. ಆದರೆ 1997ರಲ್ಲಿ ಜಪಾನಿನಲ್ಲಿ ಆರಂಭವಾದ ಗ್ರ್ಯಾನ್ ಟುರಿಸ್ಮೊ ಮಾಲೆಯ ಆಟಗಳಲ್ಲಿ ಹಲವು ಹಳೆಯ ಕಾರುಗಳು ದೊರೆಯುತ್ತವೆ. 1998ರ ಗ್ರ್ಯಾಂಡ್ ಪ್ರಿ ಲೆಜೆಂಡ್ಸ್ ಎಂಬ ಆಟ 1967ರ ಪಂದ್ಯಕಾರುಗಳನ್ನು ಪರದೆಗೆ ತಂದಿತು. ಇಟಲಿಯಲ್ಲಿ ಸಿದ್ಧವಾಗಿ 2014ರಲ್ಲಿ ಹೊರಬಂದ ಅಸೆಟ್ಟೊ ಕೊರ್ಸಾ ಎಂಬುದೂ ಈ ಬಗೆಯ ಆಟಗಳಲ್ಲಿ ಹೆಸರುವಾಸಿಯಾದುದು.

ಇಂತಹ ಆಟದಲ್ಲಿ ವಿದ್ಯಾರ್ಥಿಗೆ ಎದುರಾಗುವ ಮೊದಲ ಪಾಠ ಘರ್ಷಣೆಯದು. ಒಂದು ಟನ್ನು ತೂಗುವ ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ. ಒಂದೊಂದು ಕಡೆಯೂ ಹೆಚ್ಚು ಕಡಿಮೆ ಅಂಗೈಯಷ್ಟು ಅಗಲ. ವೇಗ ಹೆಚ್ಚಿಸುವುದು, ನಿಲ್ಲಿಸುವುದು, ತಿರುಗಿಸುವುದು, ಈ ಮೂರು ಕೆಲಸಗಳಿಗೂ ಬೇಕಾದ ಬಲವೆಲ್ಲ ಆ ನಾಲ್ಕು ಅಂಗೈಗಳಿಂದಲೇ ಬರಬೇಕು. ಘರ್ಷಣೆಗೆ ಒಂದು ಮಿತಿಯುಂಟಷ್ಟೆ. ತಿಂಗಳ ಸಂಬಳದಲ್ಲಿ ಮನೆಬಾಡಿಗೆಗೆ ಹೆಚ್ಚು ಹೋದರೆ ದಿನಸಿಗೆ ಕಡಿಮೆ ಉಳಿಯುವಂತೆ, ಬ್ರೇಕಿಗೆ ಪೂರ್ತಿ ವೆಚ್ಚವಾದ ಘರ್ಷಣೆಯಲ್ಲಿ ತಿರುಗಲು ಏನೂ ಮಿಗುವುದಿಲ್ಲ. ತಿರುವಿನ ಮಧ್ಯದಲ್ಲಿ ಗಾಬರಿಯಿಂದ ಬ್ರೇಕು ಒತ್ತಿದವನ ಕಾರು ಸ್ಟಿಯರಿಂಗಿನ ಮಾತು ಕೇಳದೆ ನೇರವಾಗಿ ಹೊರಕ್ಕೆ ಜಾರುವುದು ಇದರಿಂದಲೇ.

ಲೆಕ್ಕವನ್ನೂ ನೋಡೋಣ. ಸಮತಟ್ಟಾದ ತಿರುವಿನಲ್ಲಿ ಕಾರು ಹೋಗಬಹುದಾದ ಗರಿಷ್ಠ ವೇಗದ ವರ್ಗವು ಘರ್ಷಣಾಂಕ, ಗುರುತ್ವ ವೇಗೋತ್ಕರ್ಷ, ತಿರುವಿನ ತ್ರಿಜ್ಯ ಇವು ಮೂರರ ಗುಣಲಬ್ಧಕ್ಕೆ ಸಮ. ತ್ರಿಜ್ಯ 50 ಮೀಟರ್, ಘರ್ಷಣಾಂಕ 0.8 ಆದರೆ ಈ ವೇಗ ಗಂಟೆಗೆ ಸುಮಾರು 71 ಕಿಲೊಮೀಟರ್. ಮಳೆ ಬಂದು ಘರ್ಷಣಾಂಕ 0.4ಕ್ಕೆ ಇಳಿದರೆ ಅದು 50 ಕಿಲೊಮೀಟರಿಗೆ ಕುಸಿಯುತ್ತದೆ. ಈ ಸಮೀಕರಣದಲ್ಲಿ ಕಾರಿನ ಬೆಲೆಯಾಗಲಿ, ಎಂಜಿನಿನ ಅಶ್ವಶಕ್ತಿಯಾಗಲಿ, ಚಾಲಕನ ಧೈರ್ಯವಾಗಲಿ ಎಲ್ಲಿಯೂ ಇಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಎರಡನೆಯ ಪಾಠ ಭಾರದ ವರ್ಗಾವಣೆಯದು. ನಾವು ನಿಂತಿರುವ ಬಸ್ಸಿಗೆ ಬ್ರೇಕು ಹಾಕಿದಾಗ ಮುಂದಕ್ಕೆ ಬಾಗುತ್ತೇವೆ. ಕಾರೂ ಹಾಗೆಯೇ ತನ್ನ ಮುಂದಿನ ಚಕ್ರಗಳ ಮೇಲೆ ಬಾಗುತ್ತದೆ. 1000 ಕಿಲೊಗ್ರಾಂ ರಾಶಿಯ ಕಾರಿನ ಗುರುತ್ವಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿಯೂ, ಮುಂದಿನ ಮತ್ತು ಹಿಂದಿನ ಅಚ್ಚುಗಳ ಅಂತರ ಎರಡೂವರೆ ಮೀಟರಾಗಿಯೂ ಇರಲಿ. ಸೆಕೆಂಡಿಗೆ ಸೆಕೆಂಡಿಗೆ 8 ಮೀಟರಿನಂತೆ ವೇಗ ತಗ್ಗಿದರೆ 1600 ನ್ಯೂಟನ್ ಭಾರ, ಎಂದರೆ ಸುಮಾರು 160 ಕಿಲೊಗ್ರಾಂ ತೂಕ, ಹಿಂದಿನ ಚಕ್ರಗಳಿಂದ ಮುಂದಿನ ಚಕ್ರಗಳಿಗೆ ಹೋಗುತ್ತದೆ. ಭಾರ ಇಳಿದ ಟೈರು ನೆಲವನ್ನು ಬಿಗಿಯಾಗಿ ಹಿಡಿಯಲಾರದು.

ಈ ಪಾಠವನ್ನು ಪೋರ್ಷೆ 911ರಷ್ಟು ಕಟುವಾಗಿ ಬೋಧಿಸುವ ಕಾರು ವಿರಳ. ಅದರ ಎಂಜಿನು ಹಿಂದಿನ ಅಚ್ಚಿಗಿಂತಲೂ ಹಿಂದೆ ಇದೆ. ತಿರುವಿನ ನಡುವೆ ಚಾಲಕ ವೇಗವರ್ಧಕದಿಂದ ಥಟ್ಟನೆ ಕಾಲು ತೆಗೆದರೆ ಭಾರದ ಒಂದು ಪಾಲು ಮುಂದಕ್ಕೆ ಸರಿಯುತ್ತದೆ; ಹಿಂದಿನ ಟೈರುಗಳ ಹಿಡಿತ ಸಡಿಲುತ್ತದೆ; ಅಲ್ಲಿ ಕುಳಿತಿರುವ ಭಾರವಾದ ಎಂಜಿನು ಜಡತ್ವದಿಂದ ಹೊರಕ್ಕೆ ಬೀಸಿ ಕಾರನ್ನು ಲಟ್ಟಣಿಗೆಯಂತೆ ತಿರುಗಿಸಿಬಿಡುತ್ತದೆ. ನಿಧಾನಗೊಳಿಸಿದರೆ ಅಪಾಯ ತಪ್ಪುತ್ತದೆಂಬ ನಮ್ಮ ಸಹಜ ಬುದ್ಧಿ ಇಲ್ಲಿ ತಲೆಕೆಳಗಾಗುತ್ತದೆ. ಕಾರಿನ ನಿರ್ಮಾಪಕರೇ 1969ರ ಮಾದರಿಯಲ್ಲಿ ಹಿಂದಿನ ಚಕ್ರಗಳನ್ನು 57 ಮಿಲಿಮೀಟರ್ ಹಿಂದಕ್ಕೆ ಸರಿಸಿ ಈ ಸ್ವಭಾವವನ್ನು ತಗ್ಗಿಸಿದರು.

ಮರ್ಸಿಡಿಸ್ 300 ಎಸ್‌ಎಲ್‌ನದು ಬೇರೆ ಕಥೆ. ಅದರ ಹಿಂದಿನ ಅಚ್ಚು ನಡುವೆ ಕೀಲುಳ್ಳ ಎರಡು ತುಂಡುಗಳಾಗಿದ್ದು, ಹಕ್ಕಿಯ ರೆಕ್ಕೆಗಳಂತೆ ಮೇಲೆ ಕೆಳಗೆ ಆಡುತ್ತಿತ್ತು. ತಿರುವಿನಲ್ಲಿ ಕಾರಿನ ಹಿಂಭಾಗ ಮೇಲೆದ್ದರೆ ಚಕ್ರಗಳು ಒಳಕ್ಕೆ ಮಡಿಚಿಕೊಂಡು ಟೈರಿನ ಅಂಚು ಮಾತ್ರ ನೆಲಕ್ಕೆ ತಾಗುವ ಸಂಭವವಿತ್ತು. 1957ರ ತೆರೆದ ಮಾದರಿಯಲ್ಲಿ ಕೀಲನ್ನು ಕೆಳಕ್ಕಿಳಿಸಿ ಈ ದೋಷವನ್ನು ಬಹುಮಟ್ಟಿಗೆ ನಿವಾರಿಸಿದರು. ಪುಸ್ತಕದಲ್ಲಿ ಹತ್ತು ಸಾಲುಗಳಲ್ಲಿ ಓದಿ ಮರೆಯುವ ಇಂತಹ ಸಂಗತಿಗಳನ್ನು ಆಟದಲ್ಲಿ ಹತ್ತು ಬಾರಿ ರಸ್ತೆ ಬಿಟ್ಟು ಹೋದವನು ಮರೆಯುವುದಿಲ್ಲ.

ಆದರೆ ಪರದೆಯ ಕಾರಿಗೆ ಟೈರಿಲ್ಲ, ರಸ್ತೆಯಿಲ್ಲ. ಹಾಗಾದರೆ ಯಂತ್ರಕ್ಕೆ ಈ ನಡತೆಯನ್ನು ಕಲಿಸಿದವರಾರು? ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹಾನ್ಸ್ ಪಚೇಕ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ಟೈರಿನ ಬಲವನ್ನು ನಿರೂಪಿಸುವ ಒಂದು ಸೂತ್ರವನ್ನು ಪ್ರಕಟಿಸಿದರು. ಟೈರು ಮುಖ ಮಾಡಿದ ದಿಕ್ಕಿಗೂ ನಿಜವಾಗಿ ಚಲಿಸುವ ದಿಕ್ಕಿಗೂ ನಡುವೆ ಒಂದು ಚಿಕ್ಕ ಕೋನವಿರುತ್ತದೆ. ಕೋನ ಹೆಚ್ಚಿದಂತೆ ಪಕ್ಕದ ಬಲ ಮೊದಲು ಏರುತ್ತದೆ, ಒಂದು ಶಿಖರವನ್ನು ಮುಟ್ಟುತ್ತದೆ, ಅನಂತರ ನಿಧಾನವಾಗಿ ಇಳಿಯುತ್ತದೆ. ಈ ವಕ್ರರೇಖೆಯನ್ನು ಅವರು ಸೈನ್ ಮತ್ತು ವಿಲೋಮ ಟ್ಯಾನ್‌ಗಳಿಂದ ಹೆಣೆದರು. ಪಿ.ಯು.ಸಿ. ತರಗತಿಯಲ್ಲಿ ಇದರಿಂದ ಏನು ಪ್ರಯೋಜನವೆಂದು ಕೇಳಿಸಿಕೊಳ್ಳುವ ತ್ರಿಕೋನಮಿತಿಯೇ ಇಲ್ಲಿ ಕೆಲಸಕ್ಕೆ ಬಂದಿದೆ. ಈ ಬಗೆಯ ಸೂತ್ರಗಳನ್ನು ಆಟದ ಯಂತ್ರವು ಸೆಕೆಂಡಿಗೆ ನೂರಾರು ಬಾರಿ, ನಾಲ್ಕು ಚಕ್ರಗಳಿಗೂ ಪ್ರತ್ಯೇಕವಾಗಿ ಲೆಕ್ಕ ಹಾಕುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆ ಬೇಕು. ಪಚೇಕರ ಸೂತ್ರ ನ್ಯೂಟನ್ನನ ನಿಯಮದಂತಹುದಲ್ಲ. ಅಳತೆಗಳಿಗೆ ಹೊಂದುವಂತೆ ಎಳೆದ ಗೆರೆ. ಅಳತೆ ಚೆನ್ನಾಗಿದ್ದರೆ ಗೆರೆಯೂ ಚೆನ್ನ. ಎಂದೋ ತಯಾರಿಕೆ ನಿಂತುಹೋದ ಅರುವತ್ತು ವರ್ಷ ಹಿಂದಿನ ಟೈರಿಗೆ ಅಂತಹ ಅಳತೆಗಳು ಸುಲಭವಾಗಿ ದೊರೆಯಲಾರವು. ಅಲ್ಲಿ ನಿರ್ಮಾಪಕನ ಊಹೆಗೆ ಎಡೆಯಿದೆ. ಆದುದರಿಂದ ಆಟವನ್ನು ನಂಬುವುದಕ್ಕಿಂತ ಪರೀಕ್ಷಿಸುವುದು ವಿದ್ಯಾರ್ಥಿಗೆ ಒಪ್ಪುವ ಮಾರ್ಗ.

ಒಂದು ಸುಲಭವಾದ ಪರೀಕ್ಷೆಯನ್ನು ಸೂಚಿಸುತ್ತೇವೆ. ಆಟದಲ್ಲಿ ಚಾಲಕನಿಗೆ ನೆರವಾಗುವ ವ್ಯವಸ್ಥೆಗಳನ್ನೆಲ್ಲ ಮೊದಲು ಆರಿಸಬೇಕು. ನೇರವಾದ ರಸ್ತೆಯಲ್ಲಿ ಗಂಟೆಗೆ 50, 100 ಮತ್ತು 150 ಕಿಲೊಮೀಟರ್ ವೇಗಗಳಿಂದ ಬ್ರೇಕು ಹಾಕಿ, ಕಾರು ನಿಲ್ಲುವವರೆಗಿನ ದೂರವನ್ನು ಅಂದಾಜು ಮಾಡಿ ಬರೆದಿಡಬೇಕು. ಘರ್ಷಣಾಂಕ 0.8 ಆದರೆ ಲೆಕ್ಕದ ಪ್ರಕಾರ ಈ ದೂರಗಳು ಸುಮಾರು 12, 49 ಮತ್ತು 111 ಮೀಟರ್. ವೇಗ ಎರಡರಷ್ಟಾದರೆ ದೂರ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಹೆಚ್ಚಿನ ವೇಗದಲ್ಲಿ ಆಟದ ಉತ್ತರ ಲೆಕ್ಕಕ್ಕಿಂತ ತುಸು ಕಡಿಮೆಯಾದರೆ ಗಾಳಿಯ ತಡೆಯನ್ನು ನೆನೆಯಬೇಕು. ಬಳಿಕ ಚಕ್ರಗಳು ಸಿಕ್ಕಿಹಾಕಿಕೊಳ್ಳುವಂತೆ ಒಂದು ಬಾರಿ, ಸಿಕ್ಕಿಹಾಕಿಕೊಳ್ಳದಂತೆ ಹದವಾಗಿ ಇನ್ನೊಂದು ಬಾರಿ ಬ್ರೇಕು ಒತ್ತಿ ಹೋಲಿಸಬೇಕು. ಎ.ಬಿ.ಎಸ್. ಏಕೆ ಹುಟ್ಟಿತೆಂಬುದು ಆಗ ಯಾರೂ ಹೇಳದೆಯೇ ತಿಳಿಯುತ್ತದೆ.

ಇನ್ನು ಪ್ರಯೋಗಶಾಲೆಯ ಗೋಡೆಗೆ ಬರೋಣ. ಆಟದಲ್ಲಿ ಕಣ್ಣಿಗೂ ಕಿವಿಗೂ ಕೆಲಸವುಂಟು, ದೇಹಕ್ಕಿಲ್ಲ. ನಿಜವಾದ ಕಾರಿನಲ್ಲಿ ಹಿಡಿತ ತಪ್ಪುವ ಸೂಚನೆ ಬೆನ್ನಿಗೆ, ಕತ್ತಿಗೆ, ಒಳಕಿವಿಗೆ ಬರುತ್ತದೆ. ಕುರ್ಚಿಯ ಮೇಲೆ ಕುಳಿತವನಿಗೆ ಆ ಬಲಗಳು ಬರುವುದಿಲ್ಲ. ಪಂದ್ಯದ ಪಥದಲ್ಲಿ ಎಮ್ಮೆ ಅಡ್ಡ ಬರುವುದಿಲ್ಲ, ಮಗು ಚೆಂಡಿನ ಹಿಂದೆ ಓಡಿಬರುವುದಿಲ್ಲ, ತಿರುವಿನಾಚೆ ದೀಪವಿಲ್ಲದ ಟ್ರ್ಯಾಕ್ಟರ್ ನಿಂತಿರುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಆಟದಲ್ಲಿ ಚಲನಶಕ್ತಿಗೆ ಎಲ್ಲಿಯೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಗಂಟೆಗೆ 72 ಕಿಲೊಮೀಟರ್ ವೇಗದಲ್ಲಿ ಗೋಡೆಗೆ ಬಡಿಯುವುದೂ, 20 ಮೀಟರ್ ಎತ್ತರದಿಂದ, ಎಂದರೆ ಆರು ಅಂತಸ್ತಿನ ಕಟ್ಟಡದ ಮೇಲಿನಿಂದ ನೆಲಕ್ಕೆ ಬೀಳುವುದೂ ವೇಗದ ಲೆಕ್ಕದಲ್ಲಿ ಒಂದೇ. ಪರದೆಯ ಮೇಲೆ ಅದು ಒಂದು ಗುಂಡಿಯನ್ನು ಒತ್ತಿದರೆ ಅಳಿಸಿಹೋಗುವ ಸಂಗತಿ.

ಆಟದಿಂದ ಬಂದವರು ನಿಜವಾದ ಪಂದ್ಯಗಳಲ್ಲಿ ಗೆದ್ದಿಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಈ ವಾದದಲ್ಲಿ ಹುರುಳಿದೆ. 2008ರಲ್ಲಿ ಆರಂಭವಾದ ಜಿ.ಟಿ. ಅಕಾಡೆಮಿ ಎಂಬ ಸ್ಪರ್ಧೆ ಗ್ರ್ಯಾನ್ ಟುರಿಸ್ಮೊ ಆಟಗಾರರನ್ನು ಆರಿಸಿ ಪಂದ್ಯಚಾಲಕರನ್ನಾಗಿ ಮಾಡಿತು. 2011ರಲ್ಲಿ ಅಲ್ಲಿ ಗೆದ್ದ ಬ್ರಿಟನ್ನಿನ ಯಾನ್ ಮಾರ್ಡನ್‌ಬರೊ, 2013ರಲ್ಲಿ ಫ್ರಾನ್ಸಿನ ಲ ಮಾನ್ಸ್‌ನ 24 ಗಂಟೆಗಳ ಪಂದ್ಯದಲ್ಲಿ ತನ್ನ ವರ್ಗದ ಮೂರನೆಯ ಸ್ಥಾನ ಗಳಿಸಿದ ತಂಡದಲ್ಲಿದ್ದರು. ಆದರೆ ಆಟಕ್ಕೂ ಆ ಪಂದ್ಯಕ್ಕೂ ನಡುವೆ ನಿಜವಾದ ಕಾರಿನಲ್ಲಿ ಶಿಕ್ಷಕರ ಕೆಳಗೆ ಪಡೆದ ತರಬೇತಿಯಿತ್ತೆಂಬುದನ್ನು ವಾದಿಗಳು ಬಿಟ್ಟುಬಿಡುತ್ತಾರೆ. ಇನ್ನೊಂದನ್ನೂ ಮರೆಯಲಾಗದು. 2015ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಪಥದ ಒಂದು ದಿಬ್ಬದ ಮೇಲೆ ಅವರ ಕಾರಿನ ಅಡಿಗೆ ಗಾಳಿ ನುಗ್ಗಿ ಅದನ್ನು ಮೇಲೆತ್ತಿತು. ಕಾರು ಬೇಲಿಯನ್ನು ದಾಟಿತು. ಒಬ್ಬ ಪ್ರೇಕ್ಷಕರು ಸತ್ತರು. ಇದೇ ಪಥ ಆಟಗಳಲ್ಲಿಯೂ ಉಂಟು. ಅಲ್ಲಿ ಆ ದಿಬ್ಬವನ್ನು ಸಾವಿರ ಬಾರಿ ಹಾರಿದರೂ ಬೇಲಿಯಾಚೆ ಯಾರೂ ಸಾಯುವುದಿಲ್ಲ.

ನಮ್ಮ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ 1,68,000ಕ್ಕೂ ಹೆಚ್ಚು ಜನ ರಸ್ತೆ ಅಪಘಾತಗಳಲ್ಲಿ ಮಡಿದರೆಂದು ಕೇಂದ್ರ ಸರ್ಕಾರದ ವರದಿ ತಿಳಿಸುತ್ತದೆ. ಅತಿವೇಗವೇ ಅದರಲ್ಲಿ ಕಂಡುಬಂದ ದೊಡ್ಡ ಕಾರಣ. ನಮ್ಮ ವಾಚಕರಲ್ಲಿ ಅನೇಕರು ಹದಿನೆಂಟು ತುಂಬಿ ಪರವಾನಗಿ ಪಡೆಯುವ ಹೊಸ್ತಿಲಲ್ಲಿ ನಿಂತವರು. ಆದುದರಿಂದ ಈ ಮಾತು ಬರಿಯ ಆಟದ ಮಾತಲ್ಲ.

ಹೀಗಿರುವಲ್ಲಿ ಮಾಡಬೇಕಾದುದೇನು? ಕಾಲೇಜುಗಳು ಈ ಆಟವನ್ನು ಹಳಿಯುವ ಬದಲು ಒಂದು ಗಣಕಯಂತ್ರದ ಮೇಲೆ ಅದನ್ನಿಟ್ಟು, ಇಳಿಜಾರು ಹಲಗೆಯ ಮೇಲೆ ಮರದ ತುಂಡನ್ನು ಜಾರಿಸುವ ಘರ್ಷಣೆಯ ಪ್ರಯೋಗದ ಪಕ್ಕದಲ್ಲಿಯೇ ಮಾಡಿಸಬಹುದು. ಎರಡು ಉತ್ತರಗಳೂ ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬ ಚರ್ಚೆಯೇ ಒಂದು ಗಂಟೆಯ ಒಳ್ಳೆಯ ಪಾಠವಾದೀತು. ವಿದ್ಯಾರ್ಥಿಗಳು ಹಳೆಯ ಕಾರನ್ನು ಆರಿಸಿಕೊಂಡು, ನೆರವುಗಳನ್ನು ಆರಿಸಿ, ಪಕ್ಕದಲ್ಲಿ ಒಂದು ನೋಟ್‌ಬುಕ್ಕನ್ನಿಟ್ಟುಕೊಂಡು ಆಡಲಿ. ಕಾರು ಪ್ರತಿ ಬಾರಿ ರಸ್ತೆ ಬಿಟ್ಟು ಜಾರಿದಾಗಲೂ ಯಾವ ಚಕ್ರದ ಹಿಡಿತ ಏಕೆ ತಪ್ಪಿತೆಂದು ಬರೆಯಲಿ. ನಾಳೆ ಅವರು ನಿಜವಾದ ರಸ್ತೆಗೆ ಇಳಿದಾಗ, ತಿರುವಿಗೆ ಮುಂಚೆಯೇ ಕಾಲು ತಾನಾಗಿ ಬ್ರೇಕಿನ ಕಡೆ ಹೋದರೆ ಆಟದಲ್ಲಿ ಕಳೆದ ಕಾಲ ಸಾರ್ಥಕವಾಯಿತೆಂದು ನಾವು ತಿಳಿಯುತ್ತೇವೆ.