ವೆರಿಬೀ ಪತ್ರ: ಕೋರೆಹಲ್ಲಿನ ಇಬ್ಬರು ನಾಯಕರು

ಈ ಸಲ ಚಳಿ, ಬಾಡಿಗೆ, ಡ್ಯೂಟಿ ಯಾವುದರ ಬಗ್ಗೆಯೂ ಅಲ್ಲ. ಆರ್ಕ್‌ಗಳ ಬಗ್ಗೆ.

ಆರ್ಕ್ ಅಂದ್ರೆ ಒಂಥರಾ ರಾಕ್ಷಸ. ಹಸಿರು ಮೈ, ಕೆಳದವಡೆಯಿಂದ ಮೇಲೆದ್ದ ಕೋರೆಹಲ್ಲು. ನಮ್ಮ ಯಕ್ಷಗಾನದ ಬಣ್ಣದ ವೇಷ ನೆನಪು ಮಾಡ್ಕೊಳ್ಳಿ, ಸಾಕು. ಟೋಲ್ಕಿನ್ ಅನ್ನೋ ಇಂಗ್ಲಿಷ್ ಪ್ರೊಫೆಸರ್ 1954-55ರಲ್ಲಿ ಬಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಇವರನ್ನ ದುಷ್ಟರ ಸೈನ್ಯ ಮಾಡಿ ಇಟ್ಟಿದ್ರು. ಈಗ ಹೆಚ್ಚಾಗಿ ಹೆಂಗಸರೇ ಬರೆದು ಹೆಂಗಸರೇ ಓದೋ ಇ-ಬುಕ್‌ಗಳಲ್ಲಿ ಅವರು ನಾಯಕರು. ಕೆಲವದರಲ್ಲಿ ಒಬ್ಬ ಹುಡುಗಿಗೆ ಇಬ್ಬರು ಆರ್ಕ್‌ಗಳು, ಕೊನೆಗೆ ಮೂವರದೂ ಒಂದೇ ಮನೆ. ಇಂಥ ಕಾದಂಬರಿಗೆ ‘ವೈ ಚೂಸ್’ ಅಂತ ಹೆಸರು. ಒಬ್ಬನನ್ನೇ ಯಾಕೆ ಆರಿಸ್ಬೇಕು ಅಂತ!

ನಮ್ಮ ಬಳಗದ ಒಬ್ಬಳ ಫೋನಲ್ಲಿ ಇಂಥದ್ದೊಂದು ಸಿಕ್ಕಿ ದೊಡ್ಡ ರಾಮಾಯಣ ಆಯ್ತು. ಯಾರು ಅಂತ ಗೊತ್ತಿರೋರಿಗೆ ಗೊತ್ತು. 23 ವರ್ಷದವಳು, ತಾನೇ ದುಡೀತಾಳೆ. ಗಂಡು ನೋಡೋ ಹೊತ್ತಲ್ಲಿ ಇದೇನು ಅಸಹ್ಯ ಅಂತ ಆಪ್ ತೆಗೆಸಿದ್ರು. ಫಾರಿನ್ ಕೊಳಕು ಅಂತ ಹಿರಿಯರೊಬ್ಬರ ತೀರ್ಪು ಬೇರೆ.

ಫಾರಿನ್ ಯಾಕೆ ಹೋಗ್ಬೇಕು? ಹಿಡಿಂಬೆ ಭೀಮನ್ನ ಮೆಚ್ಚಿ ಬಂದಾಗ ಚೆಲುವೆಯ ರೂಪ ತೊಟ್ಕೊಂಡೇ ಬಂದ್ಲು, ರಾಕ್ಷಸಿ ಮುಖದಲ್ಲಿ ಬರಲಿಲ್ಲ. ಕಾರ್ನಾಡರ ‘ನಾಗಮಂಡಲ’ದ ಹಾವೂ ಹಾಗೇ. ಗಂಡ ಅಪ್ಪಣ್ಣ ಹಗಲು ಬಂದು ಉಂಡು, ರಾಣಿಯನ್ನ ಒಳಗೆ ಹಾಕಿ ಬೀಗ ಜಡಿದು ಹೋಗ್ತಾನೆ. ರಾತ್ರಿ ನಾಗ ಅದೇ ಅಪ್ಪಣ್ಣನ ರೂಪದಲ್ಲಿ ಬರ್ತಾನೆ. ಅವಳು ಒಪ್ಪಿದ್ದು ಗಂಡ ಅಂದ್ಕೊಂಡು, ಬಂದಿದ್ದು ಹಾವು. 1997ರಲ್ಲಿ ನಾಗಾಭರಣ ಅದನ್ನ ಸಿನಿಮಾ ಮಾಡಿದ್ರು. ಮನೆಮಂದಿಯೆಲ್ಲ, ಮಕ್ಕಳನ್ನ ಪಕ್ಕಕ್ಕೆ ಕೂರಿಸ್ಕೊಂಡು, ಎಷ್ಟು ಚಂದದ ಪ್ರೇಮಕಥೆ ಅಂತ ನೋಡಿದ್ವಿ. ಇನ್ನು ‘ಹಯವದನ’ದ ಪದ್ಮಿನಿ. ಅವಳಿಗೆ ದೇವದತ್ತನ ತಲೆಯೂ ಬೇಕು, ಕಪಿಲನ ಮೈಯೂ ಬೇಕು. ಕೊನೆಗೆ ಅವರಿಬ್ಬರೂ ಹೊಡೆದಾಡಿ ಸಾಯ್ತಾರೆ, ಅವಳು ಚಿತೆ ಏರ್ತಾಳೆ. ಇಬ್ಬರೂ ಬೇಕು ಅಂದವಳಿಗೆ ನಮ್ಮಲ್ಲಿ ಸಿಕ್ಕಿದ್ದು ಅಷ್ಟೇ.

ವೆರಿಬೀ ಲೈನ್ ಟ್ರೈನಲ್ಲಿ ಇಂಥ ನಾಲ್ಕೈದು ಆರ್ಕ್ ಕಥೆ ನಾನೂ ಓದಿದೀನಿ. (ಅಮ್ಮ, ನಿದ್ದೆ ಬಿಟ್ಟು ಓದಿಲ್ಲ.) ನಂಗೆ ಹಿಡಿಸಿದ್ದು ಒಂದೇ. ಆರ್ಕ್ ತನ್ನದೇ ಕೋರೆಹಲ್ಲು ಹೊತ್ತು ಎದುರಿಗೆ ನಿಂತು, ‘ಮುಟ್ಟಲಾ?’ ಅಂತ ಕೇಳ್ತಾನೆ. ಅವಳು ಬೇಡ ಅಂದ್ರೆ ಹಿಂದೆ ಸರೀತಾನೆ. ಇಬ್ಬರಿದ್ರೂ ಅವಳಿಗಾಗಿ ಕತ್ತಿ ಹಿರಿಯಲ್ಲ.

ನನ್ನ ಕೆಲಸ ಗೊತ್ತಲ್ಲ. ಬಿಪಿ ಪಟ್ಟಿ ಸುತ್ತೋಕೆ ಮುಂಚೆ ಪೇಷಂಟನ್ನ ಕೇಳ್ತೀನಿ. ದಿನಕ್ಕೆ ಎಷ್ಟು ಸಲವೋ ಲೆಕ್ಕವಿಲ್ಲ, ಈಗ ಬಾಯಿಗೆ ತಾನಾಗೇ ಬರುತ್ತೆ. ಇಲ್ಲಿ ವಿಕ್ಟೋರಿಯಾದಲ್ಲಿ 30 ಜುಲೈ 2023ರಿಂದ ಹೊಸ ಕಾನೂನು: ಸುಮ್ಮನಿದ್ದಳು ಅಂದ್ರೆ ಒಪ್ಪಿದಳು ಅಂತಲ್ಲ, ಒಪ್ಪಿಗೆ ಇದೆಯಾ ಅಂತ ಮಾತಲ್ಲೋ ನಡತೆಯಲ್ಲೋ ಕೇಳಿ ತಿಳ್ಕೊಬೇಕು. ಗಂಡನಿಗೂ ಅದೇ ಕಾನೂನು. ನಮ್ಮಲ್ಲಿ 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್‌ನಲ್ಲಿ, ಹೆಂಡತಿಗೆ 18 ತುಂಬಿದ್ರೆ ಗಂಡ ಮಾಡಿದ್ದು ಅತ್ಯಾಚಾರ ಅಲ್ಲ ಅನ್ನೋ ವಿನಾಯಿತಿ ಹಾಗೇ ಉಳಿದಿದೆ. ಕೊಳಕು ಯಾವುದು ಅಂತ ಆ ಹಿರಿಯರೇ ಹೇಳಲಿ.

ಈ ಪುಸ್ತಕಗಳೇನೂ ಚಿನ್ನ ಅಲ್ಲ. ಮಾತು ಸಪ್ಪೆ, ಹೇಳಿದ್ದೇ ಹೇಳ್ತಾರೆ. ಕೆಲವು ಶುರುವಾಗೋದೇ ಹುಡುಗಿಯನ್ನ ಹೊತ್ಕೊಂಡು ಹೋಗೋದ್ರಿಂದ, ಅಂಥವನ್ನ ನಾನು ಅಲ್ಲಿಗೇ ಮುಚ್ಚಿಡ್ತೀನಿ. ಇನ್ನೊಂದು ಚುಚ್ಚುತ್ತೆ: ಹುಡುಗಿ ಹೆಚ್ಚಾಗಿ ಬಿಳಿಯವಳು, ಆರ್ಕ್‌ಗಳು ಮಾತ್ರ ಗುಂಪು ಕಟ್ಕೊಂಡು ನಗಾರಿ ಬಾರಿಸೋ ‘ಕಾಡು ಜನ’. ಹಸಿರು ಬಳಿದ್ರೂ ಯಾರ ಮೈಬಣ್ಣ ನೋಡಿ ಬರೆದಿದ್ದು ಅಂತ ನಮ್ಮಂಥ ಕಂದು ಮೈಯವರಿಗೆ ಅನುಮಾನ ಬಂದೇ ಬರುತ್ತೆ. ಹುಡುಗಿ ಹತ್ರ ಜಗಳ ಆಡೋದಾದ್ರೆ ಇದರ ಬಗ್ಗೆ ಆಡಿ, ನಾನೂ ಸೇರ್ಕೋತೀನಿ.

ಭಾನುವಾರ ಗಂಡಿನ ಕಡೆಯವರು ಬರ್ತಾರಂತೆ. ಅವಳಿಗೆ ಹತ್ತು ನಿಮಿಷ ಅವನ ಜೊತೆ ಮಾತಾಡೋಕೆ ಬಿಡಿ, ಕೋಣೆ ಬಾಗಿಲ ಹತ್ರ ಯಾರೂ ನಿಲ್ಲಬೇಡಿ. ಬೇಡ ಅಂದ್ಲು ಅಂದ್ರೆ ಯಾಕೆ ಅಂತ ಎರಡನೇ ಸಲ ಕೇಳ್ಬೇಡಿ.