ಪಾಲಕರ ಸಭೆಗೆ ಉಡುಗೆಯ ಅಳುಕು ಬೇಡ

ಶಾಲೆಯಿಂದ ಪಾಲಕರ ಸಭೆಯ ಚೀಟಿ ಬಂದರೆ ಬಡವರ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಮಗುವಿನ ಓದಿನದಲ್ಲ, ಉಡುಗೆಯದು. ಉಡಲು ಒಳ್ಳೆಯ ಸೀರೆಯಿಲ್ಲವೆಂದು ತಾಯಿ ಹಿಂದೆ ಸರಿಯುತ್ತಾಳೆ. ಗಾರೆ ಕೆಲಸದಿಂದ ನೇರವಾಗಿ ಬರಬೇಕಾದ ತಂದೆ ಸಂಕೋಚಪಟ್ಟು ಉಳಿದುಬಿಡುತ್ತಾನೆ. ಕೆಲವೊಮ್ಮೆ ಮಕ್ಕಳೇ 'ಅಪ್ಪಾ, ನೀ ಬರಬ್ಯಾಡ, ಕಾಕಾನ್ನ ಕಳಸು' ಎನ್ನುತ್ತಾರೆ. ಹೀಗೆ ಬಟ್ಟೆಯ ನೆಪದಲ್ಲಿ ತಪ್ಪಿಹೋಗುವುದು ಮಗುವಿನ ಪರವಾಗಿ ಮಾತನಾಡುವ ಅವಕಾಶ.

ಶಿಕ್ಷಕರು ನಿಯತವಾಗಿ ಪಾಲಕರ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಕೆಯ ಸಾಮರ್ಥ್ಯ ಮತ್ತು ಪ್ರಗತಿಯನ್ನು ತಿಳಿಸಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಸರ್ಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಭಾಗ ಪಾಲಕರು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕೆಂಬುದೂ ಅದೇ ಕಾಯಿದೆಯ ಮಾತು. ಪಾಲಕರು ಇಂಥದ್ದನ್ನೇ ಉಟ್ಟು ಬರಬೇಕೆಂದು ಅದು ಎಲ್ಲಿಯೂ ಹೇಳಿಲ್ಲ.

12ನೆಯ ಶತಮಾನದ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಇವರೆಲ್ಲರ ಹೆಸರಿಗಿಂತ ಮುಂದೆ ಅವರ ಕಾಯಕ ನಿಂತಿದೆ. ಕಾಯಕವನ್ನು ಮರೆಮಾಚದ ಶರಣರ ಜಯಂತಿ ಆಚರಿಸುವ ನಾವು, ತೋಳಿಗೆ ಮೆತ್ತಿದ ಸುಣ್ಣಕ್ಕೆ ನಾಚಿದರೆ ಆ ಆಚರಣೆಗೆ ಅರ್ಥವೇನು?

ಹಾಗಾದರೆ ಏನು ಉಡಬೇಕು? ಕೈಕಾಲು ಮುಖ ತೊಳೆದು, ದಿನನಿತ್ಯದ ಬಟ್ಟೆ ಒಗೆದದ್ದಾದರೆ ಸಾಕು. ಕೆಲಸದಿಂದ ನೇರ ಬಂದರೆ ಕೆಲಸದ ಬಟ್ಟೆಯೇ ಸಾಕು. ಉಳ್ಳವರಿಗೂ ಒಂದು ಮಾತು: ರೇಷ್ಮೆ ಸೀರೆ, ಮೈತುಂಬ ಬಂಗಾರ ಮದುವೆಗಿರಲಿ. ನಿಮ್ಮ ಪಕ್ಕದ ಬೆಂಚಿನಲ್ಲಿ ಕೂಲಿ ಮಾಡುವ ತಾಯಿ ಕುಗ್ಗಿ ಕೂರುವಂತಾಗಬಾರದು. ಬಾಯಲ್ಲಿ ಗುಟ್ಕಾ ಇಟ್ಟುಕೊಂಡು, ಕುಡಿದುಕೊಂಡು ಮಾತ್ರ ಯಾರೂ ಬರಬೇಡಿ. ಮಗುವಿನ ನೋಟ್‌ಬುಕ್ ಜೊತೆಗಿರಲಿ. ಗಟ್ಟಿಯಾಗಿ ಓದುತ್ತಾನೆಯೇ, ಲೆಕ್ಕದಲ್ಲಿ ಎಲ್ಲಿ ತಡವರಿಸುತ್ತಾಳೆ, ಎಷ್ಟು ದಿನ ಗೈರಾಗಿದ್ದಾಳೆ ಎಂದು ಕೇಳಿರಿ. ಅಕ್ಷರ ಬಾರದವರೂ ಈ ಪ್ರಶ್ನೆಗಳನ್ನು ಕೇಳಬಹುದು.

ಗುರುಗಳಲ್ಲಿಯೂ ವಿನಂತಿ. ಪ್ಯಾಂಟು ತೊಟ್ಟವರಿಗೆ 'ಬನ್ನಿ, ಕೂಡ್ರಿ', ಮಾಸಿದ ಪಂಚೆಯವರಿಗೆ 'ಏನಪ್ಪಾ, ಯಾಕ ಬಂದಿ' ಎಂಬ ಭೇದ ಬೇಡ. ಪಕ್ಕದಲ್ಲಿ ನಿಂತ ಮಗು ಆ ಏಕವಚನವನ್ನು ಮರೆಯುವುದಿಲ್ಲ. 2024ರ ಜುಲೈನಲ್ಲಿ ಬೆಂಗಳೂರಿನ ಮಾಲೊಂದು ಪಂಚೆಯುಟ್ಟ ವೃದ್ಧ ರೈತರನ್ನು ಬಾಗಿಲಲ್ಲೇ ತಡೆದಾಗ ನಾಡೆಲ್ಲ ಸಿಟ್ಟಾಯಿತು, ವಿಧಾನಸಭೆಯಲ್ಲೂ ಚರ್ಚೆಯಾಯಿತು. ಬಾಗಿಲಲ್ಲಿ ತಡೆಯದೆಯೂ, ಬರಿಯ ನೋಟದಿಂದಲೇ ಒಬ್ಬರನ್ನು ಹೊರಗೆ ನಿಲ್ಲಿಸಬಹುದು ಎಂಬುದನ್ನು ಶಾಲೆಗಳು ಅರಿಯಬೇಕು.

ಹಳ್ಳಿಯ ಬಡ ಮಕ್ಕಳು ಓದಲೆಂದೇ ನಮ್ಮ ಮಠಗಳು ಉಚಿತ ಪ್ರಸಾದನಿಲಯಗಳನ್ನು ತೆರೆದವು. ಆ ಮಕ್ಕಳ ತಂದೆತಾಯಿ ಅಳುಕಿಲ್ಲದೆ ಬರುವಂತೆ ಮಾಡುವುದೂ ಅದೇ ದಾಸೋಹದ ಭಾಗ. ಆದ್ದರಿಂದ ಮಠದ ಶಾಲೆಗಳು ಪಾಲಕರ ಸಭೆಯನ್ನು ದಿನಗೂಲಿ ತಪ್ಪದ ಹೊತ್ತಿನಲ್ಲಿ, ಸಂಜೆಗೋ ರಜೆಯ ದಿನವೋ ಇಟ್ಟುಕೊಳ್ಳಲಿ. ಚೀಟಿಯ ಕೊನೆಗೆ 'ಕೆಲಸದ ಬಟ್ಟೆಯಲ್ಲೇ ಬನ್ನಿ, ಸಂಕೋಚ ಬೇಡ' ಎಂಬ ಸಾಲು ಸೇರಿಸಲಿ. ಅಷ್ಟಾಗಿಯೂ ಬಾರದವರಿದ್ದರೆ, ಶಾಲೆಯಿಂದ ಒಬ್ಬರು ಅವರ ಮನೆಗೆ ಹೋಗಿ ಬರಲಿ.